ಸುಮ್ಮನಿರು ಅನ್ನೋರೂ ಇಲ್ಲ, ಹೇಳು ಅನ್ನೋರೂ ಇಲ್ಲ: ದೌರ್ಜನ್ಯ ದಾಟಿ ಬಂದೋರ ಕ್ರೈಸ್ತ ಸಪೋರ್ಟ್ ಗ್ರೂಪ್ ಅಂದ್ರೇನು

ದಾವಣಗೆರೆಯಲ್ಲಿ ಸ್ತ್ರೀಯರ ಕೂಟ ಮುಗಿಸ್ಕೊಂಡು ಹೊರಗೆ ಚಪ್ಪಲಿ ಹಾಕ್ಕೊಳ್ತಾ ಇದ್ದಾಗ ಒಬ್ಬ ಅಕ್ಕ ಹತ್ರ ಬಂದು ದನಿ ತಗ್ಗಿಸಿ ಕೇಳಿದ್ರು, ಚಿಕ್ಕೋರಿದ್ದಾಗ ಹಂಗೆಲ್ಲ ಆದೋರಿಗೆ ನೀವೇನೋ ಗ್ರೂಪ್ ನಡೆಸ್ತೀರಂತಲ್ಲ, ಅಲ್ಲಿ ಎಲ್ಲರ ಮುಂದೆ ಎದ್ದು ನಿಂತು ಸಾಕ್ಷಿ ಹೇಳ್ಬೇಕಾ ಅಂತ. ಇಲ್ಲ ಅಕ್ಕ, ಬಾಯಿ ಬಿಡ್ಲೇಬೇಕು ಅಂತೇನಿಲ್ಲ ಅಂದೆ. ಅಷ್ಟು ಕೇಳ್ಕೊಂಡು ಆಟೋ ಹತ್ತಿ ಹೋದ್ರು. ಈ ಮಾತನ್ನ ಬರೀಲಾ ಅಂತ ಆಮೇಲೆ ಅವರನ್ನೇ ಕೇಳಿದೆ, ಬರೀರಿ, ಹೆಸ್ರು ಮಾತ್ರ ಬೇಡ ಅಂದ್ರು. ಅವರಿಗೆ ಬಂದ ಅನುಮಾನ ಇನ್ನೂ ಎಷ್ಟೋ ಜನಕ್ಕೆ ಇರುತ್ತೆ ಅಂತ ಅನ್ನಿಸಿ, ಇಂಥ ಗ್ರೂಪ್ ಹೆಂಗೆ ನಡೆಯುತ್ತೆ, ಯಾವುದು ಸರಿ ಯಾವುದು ಸರಿಯಲ್ಲ, ಚರ್ಚಿಗೂ ಕಾನೂನಿಗೂ ಡಾಕ್ಟ್ರಿಗೂ ಇದಕ್ಕೂ ಏನು ಸಂಬಂಧ ಅಂತ ಬಿಡಿಸಿ ಬರೀತಿದೀನಿ. ನಾನೂ ಬೆಂಗಳೂರಲ್ಲಿ ಇಂಥದ್ದೇ ಒಂದು ಗ್ರೂಪಲ್ಲಿ ಹನ್ನೆರಡು ವಾರ ಕೂತು ಬಂದವಳು, ನನ್ನ ಬಗ್ಗೆ ಅದಕ್ಕಿಂತ ಜಾಸ್ತಿ ಇಲ್ಲಿ ಹೇಳಲ್ಲ.

ಮೊದಲು ಯಾರಿಗೆ ಅಂತ ಹೇಳ್ಬಿಡ್ತೀನಿ. ಮಕ್ಕಳಿಗಲ್ಲ. ಬಾಲ್ಯದಲ್ಲೋ ಹದಿವಯಸ್ಸಲ್ಲೋ ಲೈಂಗಿಕ ದೌರ್ಜನ್ಯ ಆಗಿ, ಈಗ ಮೂವತ್ತೋ ಐವತ್ತೋ ವಯಸ್ಸಾಗಿ, ಮದುವೆ ಮಕ್ಕಳು ಕೆಲ್ಸ ಎಲ್ಲ ಇದ್ದು, ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ ಅನ್ನೋ ಹಾಗೆ ಬದುಕ್ತಿರೋ ದೊಡ್ಡೋರಿಗೆ. ಪೇಪರ್‌ನೋರು ಸಂತ್ರಸ್ತೆ ಅಂತಾರೆ, ನನಗೆ ಆ ಪದ ಒಗ್ಗಲ್ಲ, ಅದು ಕೇಸ್ ಫೈಲಿನ ಪದ. ನಾವು ದಾಟಿ ಬಂದೋರು ಅಂತೀವಿ, ಇಲ್ಲಾಂದ್ರೆ ಸರ್ವೈವರ್ ಅಂತ್ಲೇ ಅಂತೀವಿ.

ಇದು ಎಲ್ಲೋ ಒಬ್ಬಿಬ್ಬರ ಕಥೆ ಅಂದ್ಕೊಂಡಿದ್ರೆ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ವರದಿ ನೋಡ್ಬೇಕು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನ ಮಾತಾಡಿಸಿದ್ರು, ಅದರಲ್ಲಿ ಶೇ. 53.22 ಮಕ್ಕಳು ಒಂದಲ್ಲ ಒಂದು ಥರದ ಲೈಂಗಿಕ ದೌರ್ಜನ್ಯ ಆಗಿದೆ ಅಂದ್ರು, ಅದರಲ್ಲಿ ಗಂಡುಮಕ್ಕಳ ಪಾಲು ಹೆಣ್ಣುಮಕ್ಕಳಿಗಿಂತ ಕಮ್ಮಿ ಏನಿರ್ಲಿಲ್ಲ, ಮಾಡಿದೋರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿರೋರು, ಮಗು ನಂಬಿದೋರು. ಆವತ್ತು ಉತ್ತರ ಕೊಟ್ಟ ಮಕ್ಕಳೆಲ್ಲ ಇವತ್ತು ದೊಡ್ಡೋರು. ನಮ್ಮ ಚರ್ಚಿನ ಬೆಂಚುಗಳ ಮೇಲೂ ಅಂಥೋರು ಕೂತಿದ್ದಾರೆ ಅಂತ ನಾನಂತೂ ನಂಬ್ತೀನಿ.

ಆವಾಗ್ಲೇ ಯಾಕೆ ಹೇಳ್ಲಿಲ್ಲ, ಯಾಕೆ ಕಿರುಚ್ಲಿಲ್ಲ, ಇದು ಎಲ್ರೂ ಕೇಳೋ ಪ್ರಶ್ನೆ. ದುರ್ಗದ ಕಡೆ ಒಂದು ಮಾತು ಬೇರೆ ಸೇರಿಸ್ತಾರೆ, ಓಬವ್ವನ ಊರಿನ ಹುಡುಗಿ ಆಗಿ ತಿರುಗಿ ಹೊಡೀಬಾರ್ದಿತ್ತಾ ಅಂತ. ಓಬವ್ವ ದೊಡ್ಡ ಹೆಂಗಸು ರೀ, ಕೈಯಲ್ಲಿ ಒನಕೆ ಇತ್ತು, ಕಿಂಡಿಯಲ್ಲಿ ತೂರಿ ಬರ್ತಿರೋನು ಹೈದರನ ಸೈನಿಕ, ಶತ್ರು, ಅಂತ ಅವಳಿಗೆ ಗೊತ್ತಿತ್ತು. ಎಂಟು ವರ್ಷದ ಮಗುವಿಗೆ ಎದುರಿಗೆ ಬಂದೋನು ದಿನಾ ಚಾಕ್ಲೇಟ್ ಕೊಡೋ ಮಾಮ, ಟ್ಯೂಷನ್ ಸರ್, ಅಣ್ಣ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡೋ ಪದ್ಧತಿ ಇರೋ ಮನೆಗಳಲ್ಲಿ ಇದು ಇನ್ನೂ ಸಿಕ್ಕಾಗುತ್ತೆ, ಹುಡುಗಿ ಹೇಗೋ ಧೈರ್ಯ ಮಾಡಿ ಹೇಳಿದ್ರೂ ಮಾವ ಅಲ್ವೇನೇ, ನಾಳೆ ಕಟ್ಕೊಳ್ಳೋನೇ ತಾನೆ ಅಂತ ನಕ್ಕು ತಳ್ಳಿಹಾಕ್ತಾರೆ, ಆ ನಗು ಇಪ್ಪತ್ತು ವರ್ಷ ಕಿವಿಯಲ್ಲೇ ಇರುತ್ತೆ. ಇನ್ನು ಕಿರುಚೋ ವಿಷ್ಯ: ತಪ್ಪಿಸ್ಕೊಳ್ಳೋಕೆ ದಾರಿ ಇಲ್ಲ ಅಂತ ಅನ್ನಿಸಿದಾಗ ಮೈ ತಾನಾಗೇ ಮರಗಟ್ಟುತ್ತೆ, ದನಿ ಹೊರಡಲ್ಲ, ಮನಸ್ಸು ಎಲ್ಲೋ ಮೇಲೆ ಫ್ಯಾನ್ ನೋಡ್ತಾ ಇರುತ್ತೆ. ಇದು ಒಪ್ಪಿಗೆ ಅಲ್ಲ, ಹೇಡಿತನವೂ ಅಲ್ಲ, ಮೈ ತನ್ನನ್ನ ಉಳಿಸ್ಕೊಳ್ಳೋಕೆ ಮಾಡೋ ಕೆಲ್ಸ. ಆ ಮೈ ಆಮೇಲೂ ಮರೆಯಲ್ಲ, ಒಂದು ಎಣ್ಣೆ ವಾಸನೆಗೋ, ಬಾಗಿಲ ಚಿಲಕದ ಸದ್ದಿಗೋ, ಹಿಂದಿಂದ ಯಾರಾದ್ರೂ ಭುಜ ಮುಟ್ಟಿದ್ರೋ ಎದೆ ಹೊಡ್ಕೊಳ್ಳೋಕೆ ಶುರು ಆಗುತ್ತೆ. ನಿದ್ದೆ ಇಲ್ಲ, ಕಾರಣ ಸಿಗದ ತಲೆನೋವು, ಗಂಡನ ಹತ್ರ ಹೋಗೋಕೆ ಭಯ, ಮಗಳನ್ನ ಪಕ್ಕದ ಮನೆಗೂ ಕಳಿಸೋಕೆ ಭಯ.

ಈಗ ಬೈಬಲಿಗೆ ಬರ್ತೀನಿ, ಯಾಕಂದ್ರೆ ಕ್ರೈಸ್ತ ಗ್ರೂಪ್ ಅಂದ್ಮೇಲೆ ಅಲ್ಲಿಂದ್ಲೇ ಶುರು ಆಗ್ಬೇಕು. ಎರಡನೇ ಸಮುವೇಲ 13ನೇ ಅಧ್ಯಾಯ. ದಾವೀದನ ಮಗ ಅಮ್ನೋನ ಕಾಯಿಲೆ ನಾಟಕ ಆಡಿ, ಅಡುಗೆ ಮಾಡ್ಕೊಡೋಕೆ ಅಂತ ತಂಗಿ ತಾಮಾರಳನ್ನ ಕರೆಸ್ಕೊಂಡು ಕೆಡಿಸ್ತಾನೆ. ಅವಳು ಬೇಡ ಅಣ್ಣ ಅಂತಾಳೆ, ವಾದ ಮಾಡ್ತಾಳೆ, ನನ್ನ ಅವಮಾನ ಎಲ್ಲಿಗೆ ಹೊತ್ಕೊಂಡು ಹೋಗ್ಲಿ ಅಂತ ಕೇಳ್ತಾಳೆ. ಆಮೇಲೆ ತಲೆ ಮೇಲೆ ಬೂದಿ ಹಾಕ್ಕೊಂಡು ಬಟ್ಟೆ ಹರ್ಕೊಂಡು ಅಳ್ತಾ ಹೋಗ್ತಾಳೆ, ಅಂದ್ರೆ ಮುಚ್ಚಿಡ್ಲಿಲ್ಲ, ಬೀದಿಗೆಲ್ಲ ಕಾಣೋ ಹಾಗೇ ಅತ್ಲು. ಆಗ ಇನ್ನೊಬ್ಬ ಅಣ್ಣ ಅಬ್ಷಾಲೋಮ ಹೇಳೋ ಮಾತು, ಸುಮ್ಮನಿರು ತಂಗಿ, ಅವನು ನಿನ್ನ ಅಣ್ಣ ಅಲ್ವಾ ಅಂತ. ಅಪ್ಪ ದಾವೀದನಿಗೆ ಕೋಪ ಬಂತು ಅಂತ ಬರೆದಿದೆ, ಮಗನಿಗೆ ಏನಾದ್ರೂ ಮಾಡ್ದ ಅಂತ ಬರೆದಿಲ್ಲ. ಎರಡು ವರ್ಷ ಆದ್ಮೇಲೆ ಅಬ್ಷಾಲೋಮ ಅಮ್ನೋನನನ್ನ ಕೊಲ್ಲಿಸ್ತಾನೆ, ಆಮೇಲೆ ಅಪ್ಪನ ಮೇಲೇ ದಂಗೆ ಏಳ್ತಾನೆ, ರಾಜ್ಯವೆಲ್ಲ ಅಲ್ಲೋಲಕಲ್ಲೋಲ, ಆದ್ರೆ ತಾಮಾರ ಮಾತ್ರ ಅಣ್ಣನ ಮನೇಲಿ ಒಂಟಿಯಾಗಿ ಉಳಿದ್ಲು. ಅವಳನ್ನ ಕೂರಿಸ್ಕೊಂಡು ನಿನಗೇನು ಬೇಕಮ್ಮಾ ಅಂತ ಕೇಳಿದೋರು ಆ ಕಥೇಲಿ ಒಬ್ಬರೂ ಇಲ್ಲ. ಭಾನುವಾರದ ಪ್ರಸಂಗದಲ್ಲಿ ಈ ಅಧ್ಯಾಯವನ್ನ ನಾನು ಒಂದ್ಸಲನೂ ಕೇಳಿಲ್ಲ.

ಸುಮ್ಮನಿರು ಅನ್ನೋದು ಒಂದು ಆಜ್ಞೆ. ಆದ್ರೆ ಹೇಳ್ಬಿಡು, ಬಿಡುಗಡೆ ಆಗುತ್ತೆ ಅನ್ನೋದೂ ಇನ್ನೊಂದು ಆಜ್ಞೆಯೇ. ದೌರ್ಜನ್ಯ ಅಂದ್ರೆ ಮೂಲದಲ್ಲಿ ಏನು? ನಿನ್ನ ಬೇಡ ಅನ್ನೋ ಮಾತಿಗೆ ಬೆಲೆ ಇಲ್ಲ ಅಂತ ಮಗುವಿಗೆ ತೋರಿಸೋದು. ಹಂಗಿದ್ಮೇಲೆ ವಾಸಿ ಆಗೋ ಜಾಗದಲ್ಲಿ ಮೊದಲು ವಾಪಸ್ ಸಿಗಬೇಕಾದ್ದು ಆ ಬೇಡ ಅನ್ನೋ ಹಕ್ಕು. ಗ್ರೂಪಿನ ನಿಯಮ ಎಲ್ಲಾ ಈ ಒಂದು ಮಾತಿಂದ್ಲೇ ಹುಟ್ಟಿದ್ದು, ಇದು ಅರ್ಥ ಆದ್ರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತೆ.

ಒಂದು ಕೋಣೆ, ಆರರಿಂದ ಎಂಟು ಜನ, ನಡೆಸೋರು ಇಬ್ಬರು. ಇಬ್ಬರು ಯಾಕಂದ್ರೆ ಯಾರಾದ್ರೂ ತಡ್ಕೊಳ್ಳೋಕಾಗ್ದೆ ಎದ್ದು ಹೊರಗೆ ಹೋದ್ರೆ ಒಬ್ಬರು ಜೊತೆಗೆ ಹೋಗ್ಬೇಕು, ಇನ್ನೊಬ್ಬರು ಉಳಿದೋರ ಜೊತೆ ಇರಬೇಕು. ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ. ಶುರು ಆಗಿ ಎರಡು ವಾರ ಆದ್ಮೇಲೆ ಹೊಸಬರನ್ನ ಸೇರಿಸ್ಕೊಳ್ಳಲ್ಲ, ಹತ್ತೋ ಹನ್ನೆರಡೋ ವಾರ ಅದೇ ಮುಖಗಳು. ಒಂದೂವರೆ ಗಂಟೆ, ಟೈಮಿಗೆ ಶುರು ಟೈಮಿಗೆ ಮುಕ್ತಾಯ, ಇದನ್ನ ಸಣ್ಣದು ಅಂದ್ಕೋಬೇಡಿ, ಯಾವಾಗ ಮುಗಿಯುತ್ತೆ ಅಂತ ಗೊತ್ತಿರೋದೇ ಎಷ್ಟೋ ಜನಕ್ಕೆ ಧೈರ್ಯ. ಬಾಗಿಲ ಹತ್ರದ ಕುರ್ಚಿ ಯಾರಿಗೆ ಬೇಕೋ ಅವರಿಗೆ, ಚಿಲಕ ಹಾಕಲ್ಲ. ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಲೇಬೇಕು ಅಂತಿಲ್ಲ. ತಲೆ ಮೇಲೆ ಕೈ ಇಟ್ಟು ಪ್ರಾರ್ಥಿಸೋದು ನಮ್ಮ ಸಭೆಗಳಲ್ಲಿ ಸಹಜ, ಇಲ್ಲಿ ಕೇಳದೆ ಯಾರೂ ಯಾರನ್ನೂ ಮುಟ್ಟಲ್ಲ, ಅತ್ತಾಗ ತಬ್ಬಿಕೊಳ್ಳೋದೂ ಇಲ್ಲ, ಟಿಶ್ಯೂ ಬಾಕ್ಸ್ ಕೂಡ ಕೈಗೆ ಹಿಡಿಸಲ್ಲ, ಯಾಕಂದ್ರೆ ಅದು ಅಳು ನಿಲ್ಸು ಅಂದ ಹಾಗೆ ಕೇಳುತ್ತೆ, ಮಧ್ಯದಲ್ಲಿ ಇಟ್ಟಿರ್ತೀವಿ, ಬೇಕಾದೋರು ತಗೋತಾರೆ.

ಮಾತಿನ ಸರದಿ ಬಂದಾಗ ಪಾಸ್ ಅಂತ ಹೇಳ್ಬಹುದು, ಕಾರಣ ಕೊಡಬೇಕಾಗಿಲ್ಲ. ನಾನು ಐದು ವಾರ ಪಾಸ್ ಅಂತ್ಲೇ ಇದ್ದೆ, ಟೀ ಲೋಟ ಹಿಡ್ಕೊಂಡು ಕೂತಿರ್ತಿದ್ದೆ, ಯಾರೂ ಒಂದು ಮಾತು ಅನ್ಲಿಲ್ಲ. ಆರನೇ ವಾರ ಒಂದೇ ಒಂದು ವಾಕ್ಯ ಹೇಳಿದೆ. ಮಾತಾಡೋರೂ ಏನು ನಡೀತು ಅನ್ನೋ ವಿವರಕ್ಕೆ ಹೋಗಲ್ಲ, ಆಮೇಲೆ ಬದುಕು ಏನಾಯ್ತು, ಈ ವಾರ ಹೆಂಗಿತ್ತು ಅಷ್ಟೇ, ಯಾಕಂದ್ರೆ ಒಬ್ಬರ ವಿವರ ಇನ್ನೊಬ್ಬರ ಗಾಯ ಕೆದಕುತ್ತೆ. ಕೇಳಿಸ್ಕೊಳ್ಳೋರು ಸಲಹೆ ಕೊಡಂಗಿಲ್ಲ, ವಚನ ಎತ್ತಿ ಕೊಡೋದಂತೂ ಬೇಡವೇ ಬೇಡ. ಬೈಬಲಿನ ಕೀರ್ತನೆಗಳ ಪುಸ್ತಕ ಓದ್ತೀವಿ, ಆದ್ರೆ ಸ್ತುತಿಯ ಕೀರ್ತನೆಗಳಿಗಿಂತ ಅಳೋ ಕೀರ್ತನೆಗಳನ್ನೇ ಜಾಸ್ತಿ. 55ನೇದ್ರಲ್ಲಿ ನನ್ನನ್ನ ನೋಯಿಸಿದೋನು ಶತ್ರು ಆಗಿದ್ರೆ ತಾಳ್ಕೋತಿದ್ದೆ, ಆದ್ರೆ ನೀನು ನನ್ನ ಆಪ್ತ, ಜೊತೆಗೆ ದೇವಾಲಯಕ್ಕೆ ಹೋಗ್ತಿದ್ದೋನು ಅಂತ ಬರುತ್ತೆ, ಅದನ್ನ ಓದಿದ ದಿನ ಕೋಣೆಯಲ್ಲಿ ತುಂಬಾ ಹೊತ್ತು ಮೌನ ಇತ್ತು. 88ನೇದು ಕತ್ತಲಲ್ಲೇ ಮುಗಿಯುತ್ತೆ, ಕೊನೇಲಿ ಹಲ್ಲೆಲೂಯ ಇಲ್ಲ, ಅಂಥ ಪ್ರಾರ್ಥನೆಗೂ ಬೈಬಲಲ್ಲಿ ಜಾಗ ಇದೆ ಅಂತ ಗೊತ್ತಾದಾಗ್ಲೇ ಕೆಲವರು ಮತ್ತೆ ಪ್ರಾರ್ಥನೆ ಶುರು ಮಾಡಿದ್ದು. ದೇವರನ್ನ ತಂದೆ ಅಂತ ಕರೆಯೋಕೆ ಬಾಯಿ ಬರದೋರು ಇರ್ತಾರೆ, ಅಪ್ಪನೇ ಆ ಕೆಲ್ಸ ಮಾಡಿದ್ರೆ ಹೆಂಗೆ ಬರುತ್ತೆ ಹೇಳಿ, ಅವರಿಗೆ ಹಾಗರಳ ಕಥೆ ಕೈಗೆ ಬರುತ್ತೆ, ಯಜಮಾನನ ಮನೆಯಿಂದ ಓಡಿಹೋದ ದಾಸಿ ಮರುಭೂಮಿಯಲ್ಲಿ ದೇವರಿಗೆ ತಾನೇ ಒಂದು ಹೆಸರಿಟ್ಟಳು, ನನ್ನನ್ನ ನೋಡುವ ದೇವರು ಅಂತ. ಆ ಹೆಸರಲ್ಲೇ ಕರೀರಿ ಅಂತೀವಿ.

ಈ ಥರದ ಗ್ರೂಪುಗಳು ಎಲ್ಲಿಂದ ಬಂದ್ವು ಅಂದ್ರೆ ಅದರ ಬೇರು ಅಮೆರಿಕದಲ್ಲಿದೆ. 1935ರಲ್ಲಿ ಕುಡಿತ ಬಿಡೋರಿಗೆ ಅಂತ ಅಲ್ಕೊಹಾಲಿಕ್ಸ್ ಅನಾನಿಮಸ್ ಶುರು ಆಯ್ತು, ಚಟ ಬಿಡೋಕೆ ಒಂದೊಂದಾಗಿ ಹತ್ತೋ ಹನ್ನೆರಡು ಮೆಟ್ಟಿಲು ಅನ್ನೋ ಕ್ರಮ ಅದರದ್ದೇ, 1982ರಲ್ಲಿ ಮನೆಯೊಳಗೇ ದೌರ್ಜನ್ಯಕ್ಕೆ ಒಳಗಾದೋರು ಸರ್ವೈವರ್ಸ್ ಆಫ್ ಇನ್ಸೆಸ್ಟ್ ಅನಾನಿಮಸ್ ಕಟ್ಕೊಂಡ್ರು, 1991ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಲ್ಲಿ ಸೆಲೆಬ್ರೇಟ್ ರಿಕವರಿ ಅಂತ ಅದೇ ಹನ್ನೆರಡು ಮೆಟ್ಟಿಲುಗಳನ್ನ ಬೈಬಲ್ ಜೊತೆ ಸೇರಿಸಿ ನಡೆಸಿದ್ರು. ನಮ್ಮ ದೇಶದಲ್ಲಿ ದೆಹಲಿಯ ರಾಹಿ ಫೌಂಡೇಶನ್ 1996ರಿಂದ ದೊಡ್ಡವರಾದ ಹೆಣ್ಣುಮಕ್ಕಳ ಜೊತೆ ಈ ವಿಷಯದಲ್ಲಿ ಕೆಲ್ಸ ಮಾಡ್ತಾ ಬಂದಿದೆ, ಅದು ಧರ್ಮದ ಸಂಸ್ಥೆ ಅಲ್ಲ. ಆ ಹನ್ನೆರಡು ಮೆಟ್ಟಿಲನ್ನ ಇದ್ದ ಹಾಗೇ ತಂದು ಇಲ್ಲಿ ಇಡೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಯಾಕಂದ್ರೆ ನಾಲ್ಕನೇ ಮೆಟ್ಟಿಲು ನಿನ್ನ ತಪ್ಪುಗಳನ್ನ ಹುಡುಕಿ ಪಟ್ಟಿ ಮಾಡು ಅನ್ನುತ್ತೆ, ಕುಡಿಯೋನಿಗೆ ಅದು ಔಷಧಿ ಇರಬಹುದು, ಆದ್ರೆ ತನ್ನದಲ್ಲದ ತಪ್ಪನ್ನ ಮೂವತ್ತು ವರ್ಷ ಹೊತ್ಕೊಂಡು ಬಂದೋಳಿಗೆ ಅದೇ ಪಟ್ಟಿ ವಿಷ. ನನಗೆ ಸರಿ ಅನ್ಸೋದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಹೇಳಿದ ಮೂರು ಹಂತದ ದಾರಿ, ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ದುಃಖ, ಕೊನೆಗೆ ಮತ್ತೆ ಜನರ ಜೊತೆ ಬೆರೆಯೋದು. ನಮ್ಮ ಸಭೆಗಳಲ್ಲಿ ಎಡವೋದು ಇಲ್ಲೇ, ಉಪವಾಸ ಪ್ರಾರ್ಥನೆಯಲ್ಲಿ ಒಂದೇ ರಾತ್ರಿ ನೇರ ಎರಡನೇ ಹಂತಕ್ಕೆ ಎಳೀತಾರೆ, ಎಲ್ಲ ಕಕ್ಕಿಸ್ತಾರೆ, ಬೆಳಿಗ್ಗೆ ಆ ಹೆಣ್ಣುಮಗಳು ಅದೇ ಮನೆಗೆ, ಅದೇ ಮಾವನಿಗೆ ಟೀ ಕೊಡೋಕೆ ವಾಪಸ್ ಹೋಗ್ಬೇಕು.

ಕ್ಷಮೆ ವಿಷಯ ಬರೀದೆ ಇದ್ರೆ ಈ ಲೇಖನಕ್ಕೆ ಅರ್ಥ ಇಲ್ಲ. ಹೇಳ್ಕೊಂಡ ಪ್ರತಿಯೊಬ್ಬರಿಗೂ ಮೊದಲು ಸಿಗೋ ಉತ್ತರ ಕ್ಷಮಿಸ್ಬಿಡಮ್ಮ ಅನ್ನೋದೇ, ಏಳೆಪ್ಪತ್ತು ಸಲ ಅಂತ ಯೇಸುಸ್ವಾಮಿ ಹೇಳಿಲ್ವಾ ಅಂತ. ಹೇಳಿದ್ದಾರೆ, ಮತ್ತಾಯ 18ರಲ್ಲಿ. ಆದ್ರೆ ಅದೇ ಅಧ್ಯಾಯದಲ್ಲಿ ಅದಕ್ಕೂ ಮುಂಚೆ, ಈ ಚಿಕ್ಕವರಲ್ಲಿ ಒಬ್ಬರನ್ನ ಎಡವಿಸೋನ ಕೊರಳಿಗೆ ಬೀಸೋ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸೋದು ವಾಸಿ ಅಂತಾನೂ ಹೇಳಿದ್ದಾರೆ. ಒಂದು ವಚನ ಬಾಯಿಪಾಠ, ಇನ್ನೊಂದು ಮರೆತೇ ಹೋಗಿದೆ. ಅದೇ ಅಧ್ಯಾಯದ್ದು, ತಪ್ಪು ಮಾಡಿದ ಸಹೋದರನ ಹತ್ರ ಒಬ್ಬನೇ ಹೋಗಿ ಮಾತಾಡು ಅನ್ನೋ ವಚನ ಹಿಡ್ಕೊಂಡು, ಆ ಹುಡುಗಿಯನ್ನ ಅವನ ಎದುರಿಗೇ ಕೂರಿಸಿ ರಾಜಿ ಮಾಡಿಸೋದನ್ನ ಕೇಳಿದೀನಿ, ಅದು ದೊಡ್ಡ ತಪ್ಪು. ಯೋಸೇಫನ ಉದಾಹರಣೆ ಕೊಡೋರು ಆದಿಕಾಂಡ 42ರಿಂದ 45ರವರೆಗೆ ನಿಧಾನಕ್ಕೆ ಓದ್ಬೇಕು, ಅಣ್ಣಂದಿರು ಎದುರಿಗೆ ಬಂದ ತಕ್ಷಣ ಅವನು ತಬ್ಬಿಕೊಳ್ಳಲಿಲ್ಲ, ಗುರುತೇ ಕೊಡ್ಲಿಲ್ಲ, ಬದಲಾಗಿದ್ದಾರಾ ಅಂತ ಪರೀಕ್ಷೆ ಮಾಡ್ದ, ಬೇರೆ ಕೋಣೆಗೆ ಹೋಗಿ ಅತ್ತು ಮುಖ ತೊಳ್ಕೊಂಡು ಬಂದ, ಅದೂ ಅಣ್ಣಂದಿರು ಇನ್ನೇನೂ ಮಾಡೋಕೆ ಆಗದಂಥ ಎತ್ತರದಲ್ಲಿ ತಾನು ಕೂತ ಮೇಲೆ. ಗ್ರೂಪಲ್ಲಿ ಕ್ಷಮೆಯನ್ನ ಬೇಡ ಅನ್ನಲ್ಲ, ಆದ್ರೆ ಗಡುವು ಇಡಲ್ಲ. ಕ್ಷಮಿಸಿದ್ರೂ ಅವನ ಮನೆಗೆ ಹೋಗ್ದೆ ಇರಬಹುದು, ಕ್ಷಮಿಸಿದ್ರೂ ಕಂಪ್ಲೇಂಟ್ ಕೊಡಬಹುದು, ಇವೆಲ್ಲ ಬೇರೆ ಬೇರೆ ವಿಷಯ.

ಕಾನೂನು ಸ್ವಲ್ಪ ಸಿಕ್ಕು, ಬಿಡಿಸಿ ಹೇಳ್ತೀನಿ. ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋಕೆ ಅಂತ ಮಾಡಿದ ಪೋಕ್ಸೋ ಕಾಯ್ದೆ ಜಾರಿಗೆ ಬಂದಿದ್ದು 2012ರ ನವೆಂಬರ್ 14ಕ್ಕೆ. ಅದಾದ್ಮೇಲೆ ನಡೆದಿದ್ದಕ್ಕೆ ಆ ಕಾಯ್ದೆ, ದೂರು ಕೊಡೋಕೆ ಅದರಲ್ಲಿ ಕಾಲಮಿತಿ ಇಲ್ಲ ಅಂತ 2018ರಲ್ಲಿ ಕೇಂದ್ರ ಸರ್ಕಾರವೇ ಸ್ಪಷ್ಟ ಮಾಡಿದೆ, ಅಂದ್ರೆ ದೊಡ್ಡೋರಾದ್ಮೇಲೂ ಕೊಡಬಹುದು. ಅದಕ್ಕೂ ಹಿಂದಿನ ಘಟನೆ ಆದ್ರೆ ಹಳೇ ಐಪಿಸಿ, ಅದರಲ್ಲಿ ಅತ್ಯಾಚಾರದಂಥ ದೊಡ್ಡ ಅಪರಾಧಕ್ಕೆ ಕಾಲಮಿತಿ ಇಲ್ಲ, ಮೂರು ವರ್ಷದವರೆಗಿನ ಶಿಕ್ಷೆ ಇರೋ ಸೆಕ್ಷನ್‌ಗಳಿಗೆ ಮಾತ್ರ ಇದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ, ದಾವಣಗೆರೆಯಲ್ಲೂ ದುರ್ಗದಲ್ಲೂ ಇದು ಇದೆ. ಗ್ರೂಪಲ್ಲಿ ಕೇಳಿದ್ದು ಹೊರಗೆ ಹೋಗಬಾರ್ದು ಅಂತ ಗುಟ್ಟು ಕಾಯೋ ನಿಯಮಕ್ಕೆ ಒಂದು ಮಿತಿಯೂ ಇದೆ. ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಥವಾ ಆಗೋ ಹಾಗಿದೆ ಅಂತ ಗೊತ್ತಾದ ಯಾರೇ ಆಗ್ಲಿ ಪೊಲೀಸರಿಗೆ ತಿಳಿಸ್ಬೇಕು ಅನ್ನುತ್ತೆ ಪೋಕ್ಸೋ 19ನೇ ಸೆಕ್ಷನ್, ತಿಳಿಸದಿದ್ರೆ ಆರು ತಿಂಗಳವರೆಗೆ ಜೈಲು ಇಲ್ಲಾ ದಂಡ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನೋರ ತಪ್ಪು ಮುಚ್ಚಿಟ್ರೆ ಒಂದು ವರ್ಷದವರೆಗೆ. ನನ್ನನ್ನ ಕೆಡಿಸಿದ ಚಿಕ್ಕಪ್ಪ ಈಗ ಮೊಮ್ಮಗಳ ಜೊತೆ ಒಂದೇ ಮನೇಲಿದ್ದಾನೆ ಅಂತ ಯಾರಾದ್ರೂ ಹೇಳಿದ್ರೆ ನಡೆಸೋರು ಸುಮ್ಮನೆ ಕೂರೋ ಹಾಗಿಲ್ಲ. ಇಪ್ಪತ್ತು ಇಪ್ಪತ್ತೈದರ ವಯಸ್ಸಿನೋರ ಘಟನೆ 2012 ಆದ್ಮೇಲಿಂದೂ ಇರಬಹುದು, ಆಗ ಅವರ ವಿಷಯಕ್ಕೂ ಈ ನಿಯಮ ತಾಗಬಹುದು. ಅದಕ್ಕೇ ಇದನ್ನೆಲ್ಲ ಮೊದಲನೇ ದಿನವೇ, ಯಾರೂ ಬಾಯಿ ಬಿಡೋ ಮುಂಚೆನೇ ಹೇಳ್ಬೇಕು, ಎಷ್ಟು ಹೇಳ್ಬೇಕು ಅನ್ನೋ ತೀರ್ಮಾನ ಅವರ ಕೈಲೇ ಇರಬೇಕು. ಇದನ್ನ ಹೇಳದ ಗ್ರೂಪಿಗೆ ಹೋಗ್ಬೇಡಿ.

ದೌರ್ಜನ್ಯ ಮಾಡಿದೋನು ಸಭೆಯೋನೇ, ಪಾಸ್ಟರೋ ಫಾದರೋ ಸಂಡೇ ಸ್ಕೂಲ್ ಟೀಚರೋ ಆಗಿದ್ರೆ ಅದೇ ಚರ್ಚಿನ ಕಟ್ಟಡದಲ್ಲಿ ಗ್ರೂಪ್ ಇಡೋದು ಕ್ರೂರ. ಕಥೋಲಿಕರಲ್ಲಿ ಆಗಿನ ಪೋಪ್ ಫ್ರಾನ್ಸಿಸ್ 2019ರಲ್ಲಿ ತಂದ ನಿಯಮದ ಪ್ರಕಾರ ಪ್ರತಿ ಧರ್ಮಕ್ಷೇತ್ರದಲ್ಲೂ, ಅಂದ್ರೆ ಒಬ್ಬ ಬಿಷಪ್ ನೋಡ್ಕೊಳ್ಳೋ ಪ್ರದೇಶದಲ್ಲೂ, ದೂರು ತಗೊಳ್ಳೋ ವ್ಯವಸ್ಥೆ ಇರಬೇಕು, ದಾವಣಗೆರೆ ಚಿತ್ರದುರ್ಗ ಎರಡೂ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರುತ್ವೆ. ಸ್ವತಂತ್ರ ಸಭೆಗಳಲ್ಲಿ ಪಾಸ್ಟರೇ ಎಲ್ಲ ಆಗಿರೋ ಕಡೆ ಅಂಥ ದಾರಿ ಇರೋದೇ ಇಲ್ಲ, ಅಲ್ಲಿ ನೇರ ಪೊಲೀಸ್ ಸ್ಟೇಷನ್ನೇ. ಚರ್ಚಿನೊಳಗಿನ ದೂರು ಪೊಲೀಸ್ ದೂರಿನ ಬದಲಿಗೆ ಯಾವತ್ತೂ ಅಲ್ಲ.

ಗ್ರೂಪ್ ಆಸ್ಪತ್ರೆಯೂ ಅಲ್ಲ. ಸಾಯ್ಬೇಕು ಅನ್ನಿಸ್ತಿರೋರು, ವಾರಗಟ್ಟಲೆ ನಿದ್ದೆ ಇಲ್ಲದೋರು, ಕುಡಿತಕ್ಕೆ ಮಾತ್ರೆಗೆ ಬಿದ್ದಿರೋರು ಮೊದಲು ಡಾಕ್ಟ್ರನ್ನ ನೋಡ್ಬೇಕು, ಗ್ರೂಪ್ ಆಮೇಲೆ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416 ನಂಬರ್ ಇದೆ, 2022ರ ಅಕ್ಟೋಬರ್‌ನಿಂದ ನಡೀತಿದೆ, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ತಾರೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋರೋಗ ವಿಭಾಗ ಎಲ್ಲಿ ಅಂತ ಕೇಳಿದ್ರೆ ಆಯ್ತು. ಮಾತ್ರೆ ತಗೊಂಡ್ರೆ ವಿಶ್ವಾಸ ಕಮ್ಮಿ ಅನ್ನೋ ಮಾತಿಗೆ ಕಿವಿ ಕೊಡ್ಬೇಡಿ, ಸುವಾರ್ತೆ ಬರೆದ ಲೂಕನೇ ವೈದ್ಯ.

ನಮ್ಮಂಥ ಊರಲ್ಲಿ ದೊಡ್ಡ ಭಯ ಗುರುತಿನೋರದ್ದು. ಕ್ರೈಸ್ತರು ಇರೋದೇ ಕಮ್ಮಿ, ಒಬ್ಬರ ಅತ್ತೆ ಇನ್ನೊಬ್ಬರ ಸಭೆಯಲ್ಲಿ. ಅದಕ್ಕೇ ದಾವಣಗೆರೆಯೋರು ಅರವತ್ತು ಕಿಲೋಮೀಟರ್ ದೂರದ ದುರ್ಗದ ಗ್ರೂಪಿಗೆ, ದುರ್ಗದೋರು ಇಲ್ಲಿಗೆ ಬರೋದನ್ನ ನಾನು ತಪ್ಪು ಅನ್ನಲ್ಲ, ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನ ಊಟಕ್ಕೆ ಮನೆ. ವಾಟ್ಸಾಪ್ ಗ್ರೂಪ್ ಮಾಡಬಾರ್ದು, ಗಂಡನ ಕೈಲೋ ಮಗನ ಕೈಲೋ ಫೋನ್ ಇರುತ್ತೆ. ಹೊರಗೆ ಸಂತೇಲಿ, ಹರಿಹರದ ಆರೋಗ್ಯ ಮಾತೆ ಹಬ್ಬದ ಜನಜಂಗುಳಿಯಲ್ಲಿ ಎದುರಾದ್ರೂ ಅವರಾಗೇ ನಕ್ಕರೆ ಮಾತ್ರ ನಗಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತೀವಿ. ಗಂಡಸರಿಗೆ ನಮ್ಮ ಕಡೆ ಇನ್ನೂ ಒಂದು ಗ್ರೂಪ್ ಕಟ್ಟೋಕೆ ಆಗಿಲ್ಲ, ಇಬ್ಬರು ಕೇಳಿದ್ದಾರೆ, ನಡೆಸೋಕೆ ತಯಾರಾದ ಗಂಡಸರು ಸಿಕ್ಕಿಲ್ಲ, ಇದು ನನ್ನನ್ನ ತುಂಬಾ ಕೊರೀತಿದೆ.

ಯಾವ ಗ್ರೂಪೇ ಆಗ್ಲಿ, ಸೇರೋ ಮುಂಚೆ ನಡೆಸೋರನ್ನ ಒಂದ್ಸಲ ಬೇರೆಯಾಗಿ ಭೇಟಿ ಮಾಡಿ, ನಿಮಗೆ ಟ್ರೇನಿಂಗ್ ಕೊಟ್ಟಿದ್ದು ಯಾರು, ನಿಮ್ಮ ತಪ್ಪು ತೋರಿಸೋ ಕೌನ್ಸೆಲರ್ ಯಾರಾದ್ರೂ ಇದ್ದಾರಾ, ನಾನು ಹೇಳಿದ್ದು ಪಾಸ್ಟರ್ ಕಿವಿಗೆ ಹೋಗುತ್ತಾ ಅಂತ ಕೇಳಿ. ಮೂರನೇದಕ್ಕೆ ಉತ್ತರ ತಡವರಿಸಿದ್ರೆ ಎದ್ದು ಬನ್ನಿ. ಮೊದಲ ಸಲ ಫೋನ್ ಮಾಡುವಾಗ ಏನಾಯ್ತು, ಯಾರು ಮಾಡಿದ್ರು ಅಂತ ಹೇಳ್ಬೇಕಾಗಿಲ್ಲ, ನಿಜವಾದ ಹೆಸರೂ ಬೇಕಿಲ್ಲ. ಆ ಗ್ರೂಪ್ ಬಗ್ಗೆ ಕೇಳ್ಬೇಕಿತ್ತು ಅಂದ್ರೆ ಸಾಕು, ನಮಗೆ ಅರ್ಥ ಆಗುತ್ತೆ. ಅಷ್ಟೂ ಹೇಳೋಕಾಗ್ದೆ ಫೋನ್ ಇಟ್ಟುಬಿಟ್ರೆ ನಾವು ತಿರುಗಿ ಮಾಡಲ್ಲ. ನೀವು ಇನ್ನೊಂದು ದಿನ ಮಾಡಿ.